ಲಾ

ಮುಹರ್ರಕ್ಕಿನ ಗಲ್ಲಿಯೊಳಗೆ ನಾಲ್ಕು ಹೊಲಿಗೆ ಯಂತ್ರ,
ಕೆಮ್ಮುವ ಒಂದು ಏಸಿ.
ಬಂದ ದಿನವೇ ನಿಯಾಮತ್ ಉಸ್ತಾದ
ಕತ್ತರಿಯತ್ತ ಗದ್ದ ತೋರಿಸಿ ಅಂದ: ಲಾ.
ತಂದುಕೊಟ್ಟೆ.
ಅದು ಮುಲ್ತಾನಿನ ಲಾ, ತಾ ಎಂದರ್ಥ.

ಅದೇ ಮಧ್ಯಾಹ್ನ ಗಿರಾಕಿ, ಬಿಳಿಗಡ್ಡದ ಅಜ್ಜ,
ಹೊಲಿದಿಟ್ಟ ಕೊರಳಪಟ್ಟಿ ಮುಟ್ಟಿ ನೋಡಿ: ಲಾ.
ಏನು ತರಬೇಕೋ ತಿಳಿಯದೆ
ನೀರು ತಂದೆ. ಲಾ.
ಗುಂಡಿಯ ಡಬ್ಬಿ ತಂದೆ. ಲಾ.
ಕುರ್ಚಿ ತಂದೆ, ನನ್ನ ಪಾಸ್‌ಪೋರ್ಟಿನ ಜೆರಾಕ್ಸನ್ನೂ ತಂದೆ.
ಲಾ, ಲಾ.

ಇಸ್ತ್ರಿಯ ದೂಮಪ್ಪಣ್ಣ ಹೊಟ್ಟೆ ಹಿಡಿದುಕೊಂಡು
'ಅದು ಬೇಡ ಅನ್ನೋದು ಮಾರಾಯ' ಅಂದ.
ಆಮೇಲೆ ಬೆನ್ನು ತಟ್ಟಿ, ಯಾನ್‌ಲಾ ಅಂಚನೆ,
ನಾನೂ ಹಾಗೇ ಬೆಪ್ಪಾಗಿದ್ದೆ.
ಅವನ ತುಳುವಿನ ಲಾ ಒಂಟಿಯಾಗಿ ಹೊರಡುವುದೇ ಇಲ್ಲ,
ಯಾರದಾದರೂ ಬಾಲ ಹಿಡಿದು ಬರುತ್ತದೆ:
ನಾನೂ, ನೀನೂ, ಈ ಬೆವರೂ.

ತಂಗಿ ಮೈಸೂರಲ್ಲಿ ಲಾ ಓದುತ್ತಾಳೆ.
ಆ ಲಾ ತಿಂಗಳಿಗೆ ಮೂವತ್ತು ದಿನಾರು.

ನಮ್ಮ ಮಳವಳ್ಳಿ ಕಡೆಯದು ಇನ್ನೊಂದು.
ಅರ್ಥ ಕೇಳಿದರೆ ಹೇಳಲು ಬರುವುದಿಲ್ಲ.
ಉಂಡ್ಯೇನ್ಲಾ? ಎತ್ಲಾಗೋಗಿದ್ಲಾ? ಸುಮ್ಕಿರ್ಲಾ.
ಕಬ್ಬಿನ ಗಾಡಿಯ ಮೇಲಿಂದ ನಿಂಗಯ್ಯ ಮಾವ ಕೂಗಿದರೆ
ಅರ್ಧ ಕೇರಿಯ ಗಂಡುಹುಡುಗರು ತಿರುಗಿ ನೋಡುತ್ತಿದ್ದರು.
ಏಳು ವರ್ಷವಾಯಿತು,
ಇಲ್ಲಿ ಯಾರೂ ನನ್ನನ್ನು ಹಾಗೆ ಕೂಗಿಲ್ಲ.

ಮೊನ್ನೆ, ಹಬ್ಬಕ್ಕೆ ಮೂರು ದಿನ ಇರುವಾಗ,
ಅದೇ ಅಜ್ಜ ಮೊಮ್ಮಗನನ್ನು ಅಳತೆಗೆ ಕರೆತಂದರು.
ಐದು ವರ್ಷದವನು, ಕೈಯಲ್ಲಿ ಕಚ್ಚಿದ ಖರ್ಜೂರ.
ಮಂಡಿಯೂರಿ ಟೇಪು ಬಿಚ್ಚುತ್ತ
ಯಾವ ಗ್ಯಾನದಲ್ಲೋ ಅಂದುಬಿಟ್ಟೆ:
ಬಾರ್ಲಾ.

ಬರ್ರಾ ಅಂದರೆ ಅವನಿಗೆ ಆಚೆ ನಡಿ.
ಲಾ ಅಂದರೆ ಬೇಡ.
ಹುಡುಗ ಬಾಗಿಲವರೆಗೆ ಹೋದ.
ಹೊಸ್ತಿಲಾಚೆ ಒಂದು ಕಾಲು, ಈಚೆ ಒಂದು ಕಾಲು,
ನನ್ನ ಬಾಯಿಯನ್ನೇ ನೋಡುತ್ತ ನಿಂತ.
ಹಿಂದಿನಿಂದ ಉಸ್ತಾದನ ಅವಸರ: ಟೇಪ್ ಲಾ, ಲಾ!
ಹುಡುಗನೂ ಜೋರಾಗಿ ತಲೆಯಾಡಿಸಿದ, ಲಾ, ಲಾ,
ಕೊನೆಗೂ ಒಬ್ಬ ಸರಿಯಾಗಿ ಮಾತಾಡಿದ ಎಂಬಂತೆ.
ದೂಮಪ್ಪಣ್ಣನ ಇಸ್ತ್ರಿಯಡಿ ಯಾರದೋ ತೋಳು ಕಂದಿತು.

ನಾನೇ ಹೊಸ್ತಿಲಿಗೆ ಹೋದೆ.
ಭುಜ ಹನ್ನೊಂದು. ಉದ್ದ ಮೂವತ್ತಮೂರು.
ಕೊರಳ ಸುತ್ತ ಟೇಪು ತಂದಾಗ
ಅವನು ಕಿವಿಯ ಹತ್ತಿರ, ಖರ್ಜೂರದ ಉಸಿರಲ್ಲಿ,
ಉಪ್ಪು ನೋಡುವವನ ಹಾಗೆ ಅಂದ:
ಬಾರ್ಲಾ.

ಅಂಕಿ ಮರೆತುಹೋಯಿತು.
ಇನ್ನೊಂದು ಸಲ ಅಳೆದೆ.