ಅರ್ಧ ಟಿಕೆಟ್

ಐದೂವರೆಯ ಪೂಜೆಯಲ್ಲಿ ಹಣೆಗಿಟ್ಟ ಬೂದಿ
ಆರೂ ಮುಕ್ಕಾಲಿನ ಅರಸೀಕೆರೆ ಬಸ್ಸು ಹತ್ತಿತು,
ನನ್ನ ಜೊತೆಗೇ.
ಹೋದ ವರ್ಷದ ಗರಿಗಳನ್ನು ಸುಟ್ಟ ಬೂದಿ.
ನೀನು ಮಣ್ಣು ಎಂದಿದ್ದರು ಗುರುಗಳು, ಹೆಬ್ಬೆರಳೊತ್ತಿ.
ಮಣ್ಣಿಗೂ ಡ್ಯೂಟಿ ಇದೆ, ಹಾಸನ ಡಿಪೋದಲ್ಲಿ
ಬೆಳಕು ಹರಿಯುವ ಮೊದಲೇ ಸಹಿ ಹಾಕಬೇಕು.

ಇಟ್ಟದ್ದು ಶಿಲುಬೆ. ಅವಸರದಲ್ಲಿ ಕೈತಾಗಿ
ನೇರಗೆರೆ ಅಳಿಸಿ ಅಡ್ಡಗೆರೆಯಷ್ಟೇ ಉಳಿದಿತ್ತು.

ದುದ್ದ ದಾಟುವ ಮೊದಲೇ ಮೂರನೇ ಸೀಟಿನ ಮೇಷ್ಟ್ರು,
"ಶಿವಪೂಜೆ ಮುಗಿಸಿಯೇ ಬಂದಿರಾ ಮೇಡಂ? ಸಂತೋಷ."
ನಕ್ಕೆ.
ನಗು ಉತ್ತರವಲ್ಲ, ಸುಳ್ಳೂ ಅಲ್ಲ,
ಅಂದುಕೊಂಡು ಮಷೀನು ಒತ್ತಿದೆ.

ಎದೆಯ ಹೆಸರುಪಟ್ಟಿಯೂ ನನ್ನನ್ನು ಬಿಟ್ಟುಕೊಡದು:
ಆರ್. ಜಪಮಾಲಾ.
ಆರ್ ಅಂದರೆ ರಾಯಪ್ಪ, ನಮ್ಮಪ್ಪ.
ಬೆಂಕಿ ಕಾಯಿಸುತ್ತ ಕೂತು
ಅವನಾರೋ ನಾನರಿಯೆ ಎಂದ ಮೀನುಗಾರನಿಗೆ
ನಮ್ಮ ಕಡೆ ಇದೇ ಹೆಸರು.

"ಯಾವ ಮಠದವರಮ್ಮ?" ಎಂದಳೊಬ್ಬಳು,
ಕೊಬ್ಬರಿ ಚೀಲ ಕಾಲಡಿ ಒತ್ತಿಕೊಂಡು.
"ಮುಂದೆ ಹೋಗಿ, ಮುಂದೆ ಜಾಗ ಇದೆ."
ಎರಡಾಯಿತು.
ಎಣಿಸುವುದೇ ನನ್ನ ಕೆಲಸ, ಎಣಿಸದೆ ಇರಲಾರೆ.

ಹೋದ ತಿಂಗಳು ತಂಗಿಯ ಮನೆಯಲ್ಲಿ
ಪ್ರಾರ್ಥನೆಗೆ ಕೂತ ಏಳು ಜನರ ಚಪ್ಪಲಿ
ಚರಂಡಿಯಲ್ಲಿ ಬಿದ್ದಿದ್ದವು. ಯಾರೂ ಹೊಡೆಯಲಿಲ್ಲ,
ಬರೀ ಚಪ್ಪಲಿ.
ಈಗವಳು ಹಾಡುವ ಮೊದಲು ಕಿಟಕಿ ಮುಚ್ಚುತ್ತಾಳೆ,
ಸೊಳ್ಳೆ ಅನ್ನುತ್ತಾಳೆ.

ಹಾರನಹಳ್ಳಿಯಲ್ಲಿ ಹತ್ತಿದಳು ಅಜ್ಜಿ.
ಒಂದು ಕೈಯಲ್ಲಿ ಆಧಾರ್ ಕಾರ್ಡು,
ಕಂಕುಳಲ್ಲಿ ಕಾಲು ಕಟ್ಟಿದ ಹುಂಜ.
ಅದನ್ನು ಕಂಡದ್ದೇ ನನ್ನ ಗಂಟಲು ಒಣಗಿತು.
"ಯಾವ ದೇವ್ರ ಬೂದಿ ಕಣವ್ವ?
ಮೊಮ್ಮಗೂಗೆ ಮೂರು ದಿನದಿಂದ ಜ್ವರ,
ಒಂದ್ ಚೂರು ಕೊಡು."

ಹುಂಜ ಕೂಗೀತೆಂದು ಕಾದೆ.
ಅದು ಕೂಗಲಿಲ್ಲ.

"ಚರ್ಚಿಂದು ಅಜ್ಜಿ. ನಾವು ಕ್ರಿಶ್ಚಿಯನ್ರು."
ಬಸ್ಸಿನ ಸದ್ದಿಗೂ ಕೇಳುವಷ್ಟು ಜೋರಾಗಿ ಬಂತು ಮಾತು.
ಮೇಷ್ಟ್ರು ಕಿಟಕಿಯಾಚೆ ತೆಂಗಿನಮರ ನೋಡತೊಡಗಿದರು.
ಅಜ್ಜಿಯ ಹಿಂದೆಯೇ ಹತ್ತಿದವನು ಕೇಳಿದ,
"ಯಾವಾಗ ಸೇರಿದ್ದು? ಎಷ್ಟು ಕೊಟ್ರು?"
ಮುತ್ತಜ್ಜನ ಅಜ್ಜನ ಹೆಸರು ನಾಲಿಗೆ ತುದಿಗೆ ಬಂತು.
"ಕೊಡಬೇಕಾದೋರು ನೀವು," ಎಂದೆ,
"ಹದಿನೈದು, ಅರಸೀಕೆರೆಗೆ."
ಕೊಟ್ಟ. ಕೈಗೆ ಕೈ ತಾಗದಂತೆ ಕೊಟ್ಟ.

ಅಜ್ಜಿ ಇನ್ನೂ ಕೈಯೊಡ್ಡಿಯೇ ನಿಂತಿದ್ದಳು.
"ಜ್ವರಕ್ಕೆ ಆಯ್ತದಾ?"
"ಇಲ್ಲ ಅಜ್ಜಿ. ಒಂದಿನ ಸಾಯ್ತೀವಿ ಅಂತ
ನೆನಪು ಮಾಡೋ ಬೂದಿ."
"ಅಯ್ಯೋ, ಹಂಗಾರೆ ಮಗೂಗೆ ಬ್ಯಾಡ."
ಕೈ ಸೆರಗಿಗೆ ಒರೆಸಿಕೊಂಡಳು, ಏನೂ ಅಂಟಿರದಿದ್ದರೂ.
ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತು,
"ಅದು ನಂಗೆ ನೆನಪೈತೆ ಬಿಡವ್ವ," ಎಂದಳು.

ಮಷೀನು ಎರಡು ಚೀಟಿ ಉಗುಳಿತು:
ಅಜ್ಜಿಗೆ ಸೊನ್ನೆ, ಹುಂಜಕ್ಕೆ ಅರ್ಧ.
"ನಂಗಿಲ್ದಿರೋ ದುಡ್ಡು ಇದ್ಕಾ?" ಎಂದು ಬೈದು
ಸೆರಗಿನ ಗಂಟು ಬಿಚ್ಚಿದಳು.
ಹುಂಜ, ದುಡ್ಡು ಕೊಟ್ಟ ಪ್ರಯಾಣಿಕನ ಠೀವಿಯಲ್ಲಿ,
ಅರಸೀಕೆರೆವರೆಗೂ ಒಂದೇ ಕಣ್ಣಲ್ಲಿ
ನನ್ನ ಹಣೆಯನ್ನೇ ನೋಡುತ್ತ ಬಂತು.