ಒಂದೇ ಒಂದು ಗೂಡು

ಬಟ್ಟೆ ಒಣಹಾಕುವ ತಂತಿಯ ಪಕ್ಕ
ಇಲ್ಲಿಯವರು ಮೆಣಸಿನ ಮರ ಎನ್ನುವ,
ನಮ್ಮ ಮೆಣಸಲ್ಲದ ಆ ಜೋಲುಮರದಲ್ಲಿ
ಕೈಗೆ ತಗುಲಿತು: ತಣ್ಣಗೆ, ದಪ್ಪಗೆ.
ಬೆಂಡಿಗೋದ ಫೆಬ್ರವರಿ. ನಲವತ್ತೊಂದು ಡಿಗ್ರಿ.
ಹಸಿರು ಮೈ, ಪಕ್ಕೆಗುಂಟ ಕೆನೆಬಣ್ಣದ ಗೆರೆ,
ಬೆನ್ನ ತುಂಬ ಕೆಂಪು ನೀಲಿ ಗುಬಟು.

ಕಿರುಚಬೇಕಿತ್ತು. ಕಿರುಚಲಿಲ್ಲ.
ಬಾಯಿಂದ ಬಂದದ್ದು, "ಎಷ್ಟನೇ ಜ್ವರ?"

ಇಪ್ಪತ್ತಾರು ವರ್ಷದಿಂದ ಆಡದ ಮಾತು.
ಪೊರೆ ಬಿಡುವ ಮುನ್ನ ತಲೆಯೆತ್ತಿ
ಹುಳು ನಿದ್ದೆ ಹೋಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.
ನಾಲ್ಕನೇ ಜ್ವರದಿಂದ ಅದು ಎದ್ದರೆ
ಮನೆಯವರ ನಿದ್ದೆ ಹೋಯಿತು.
ನಡುಮನೆ, ಕೋಣೆ, ಎಲ್ಲ ಹುಳುತಟ್ಟೆಗಳಿಗೆ;
ನಾವು ಜಗಲಿಯಲ್ಲಿ, ಮಳೆ ಬಂದರೆ
ಪಕ್ಕದ ಮುನಿಲಕ್ಷ್ಮಮ್ಮನ ಕೊಟ್ಟಿಗೆಯಲ್ಲಿ.
ಒಗ್ಗರಣೆ ಆಚೆ. ಅಪ್ಪನ ಬೀಡಿ ಬೇಲಿಯಿಂದಾಚೆ.
ಊಜಿ ನೊಣಕ್ಕೆ ಹೆದರಿ ಅವುಗಳ ಕಿಟಕಿಗೆ ಪರದೆ,
ನಮಗೆ ಸೊಳ್ಳೆ.

ಅವು ತಿನ್ನುವ ಸದ್ದು ಮಳೆಯಂತೆ ಅನ್ನುವರು ಎಲ್ಲರೂ.
ನನಗೆ ಅದು, ಯಾರೋ ಕತ್ತಲಲ್ಲಿ ಕೂತು
ಒಂದೊಂದೇ ಕಾಗದ ಹರಿಯುತ್ತಿರುವ ಸದ್ದು.

ಹಳೇ ಕೈ ಸುಮ್ಮನಿರುತ್ತದೆಯೇ,
ಹುಳುವನ್ನು ತಿರುಗಿಸಿ ನೋಡಿದೆ:
ಸುಣ್ಣಕಟ್ಟಿಲ್ಲ, ಹಾಲುತೊಂಡೆಯಿಲ್ಲ, ಸಪ್ಪೆಯಿಲ್ಲ.
ಹಿಕ್ಕೆ ಗಟ್ಟಿ. ಒಳ್ಳೆಯ ಮನೆತನ.

ಬೇಲಿಯ ಮೇಲಿಂದ ಡೊರೀನ್ ಇಣುಕಿ
"ಎಂಪರರ್ ಅದು" ಎಂದರು. ಚಕ್ರವರ್ತಿ!
ನಾವು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದೆವು
ಎನ್ನಬೇಕೆನಿಸಿತು; ಇಂಗ್ಲಿಷಿನಲ್ಲಿ ನಗು ಬಾರದು, ಬಿಟ್ಟೆ.

ಒಂಬತ್ತನೇ ದಿನ ಹಣ್ಣಾಯಿತು.
ಮೇವು ಬಿಟ್ಟಿತು, ಮೈ ಕುಗ್ಗಿತು, ತಲೆ ಅತ್ತಿತ್ತ ಆಡಿಸಿತು.
ನನ್ನ ಹತ್ತಿರ ಎಲ್ಲಿಯ ಚಂದ್ರಿಕೆ?
ಒಣ ರೆಂಬೆಗೇ ಸುತ್ತಿಕೊಂಡಿತು.
ಗೂಡು ಕಂದು, ಹುಣಸೆಬೀಜದಷ್ಟು ಗಟ್ಟಿ.
ಎಳೆ ಬಿಚ್ಚುವುದಿಲ್ಲ,
ಶಿಡ್ಲಘಟ್ಟದ ಹರಾಜಿನಲ್ಲಿ ಯಾರೂ ಮೂಸುವುದಿಲ್ಲ.

ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ.
ಹೌದು, ಲಕ್ಷ ಹುಳು ಸಾಕಿದವಳು ನಾನೇ.
ಗೂಡು ಬಿಡಿಸಿ, ಮೂಟೆ ಕಟ್ಟಿ, ಮಾರಿ ಬಂದರೆ
ಆಮೇಲೆ ಯಾರದೋ ಕುದಿವ ನೀರು.
ಪತಂಗವಾಗುತ್ತದೆ ಎಂದು ಶಾಲೆಯ ಪುಸ್ತಕದಲ್ಲಿತ್ತು,
ಆದದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ.
ತೂತು ಬಿದ್ದ ಗೂಡೆಂದರೆ ನಷ್ಟ.

"ವರ್ಷ ಬೇಕು," ಡೊರೀನ್ ಹೇಳಿದ್ದರು, "ಕೆಲವಕ್ಕೆ ಐದು."
ರೆಂಬೆ ಸಮೇತ ಲಾಂಡ್ರಿಯ ಕಿಟಕಿಯಲ್ಲಿಟ್ಟೆ.
ಒಂದು ಬೇಸಿಗೆ ಹೋಯಿತು.
ಎರಡನೆಯದರಲ್ಲಿ ಡೊರೀನ್ ಹೋದರು.
ಆ ಮನೆಗೆ ಬಂದವರು ಬೇಲಿ ಎತ್ತರಿಸಿದರು.

ಮೂರನೇ ನವೆಂಬರ್.
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಬಂದೆ.
ಗೂಡಿನ ತುದಿ ಒದ್ದೆ.
ಒಳಗಿಂದ ಕೊಯ್ಯುವ ಸದ್ದು:
ಅದೇ, ಕತ್ತಲಲ್ಲಿ ಕೂತು ಕಾಗದ ಹರಿಯುವವರು,
ಈ ಸಲ ಹೊರಗೆ ಬರಲು.

ಬಂತು. ತೊಯ್ದು ಮುದುಡಿದ ಕರವಸ್ತ್ರದ ಹಾಗೆ.
ನಾನು ಚಹಾ ಕುಡಿದು ಬರುವಷ್ಟರಲ್ಲಿ
ನನ್ನ ಅಂಗೈ ಮೀರಿ ಹರಡಿಕೊಂಡಿತ್ತು,
ನಸುಗಂದು ರೆಕ್ಕೆ, ರೆಕ್ಕೆಗೊಂದು ಕಣ್ಣು.
ಬಾಯಿ ಹುಡುಕಿದೆ. ಇಲ್ಲ.
ತಿನ್ನುವುದನ್ನೆಲ್ಲ ಹುಳುವಾಗಿದ್ದಾಗಲೇ ತಿಂದು ಮುಗಿಸಿತ್ತು.

ಅಕ್ಕನಿಗೆ ಫೋಟೊ ಕಳಿಸಿದೆ.
"ಕಿಲೋಗೆಷ್ಟು?" ಎಂದು ಬರೆದಳು.
ತುಂಬ ಹೊತ್ತಾದ ಮೇಲೆ ಇನ್ನೊಂದು:
"ಇದಾ ಅದು?"

ಸಂಜೆ ಅಂಗಳಕ್ಕೆ ತಂದು
ತಂತಿಯ ಮೇಲಿನ ಬಿಳೀ ದುಪ್ಪಟಿಗೆ ಹತ್ತಿಸಿದೆ.
ರಾತ್ರಿ ಎಲ್ಲಿಂದಲೋ ಎರಡು ಗಂಡು ಬಂದವು,
ದೀಪಕ್ಕೆ ಡಿಕ್ಕಿ ಹೊಡೆದವು, ಒಂದು ದಾರಿ ಕಂಡುಕೊಂಡಿತು.
ಮಾರನೇ ದಿನವೂ ದುಪ್ಪಟಿ ತೆಗೆಯಲಿಲ್ಲ.
ಅದರ ಮಾರನೆಗೆ ಯಾರೂ ಇಲ್ಲ;
ಅಂಚಿನಲ್ಲಿ ಮೊಟ್ಟೆ, ಹದಿನೇಳು, ಸಾಲು ತಪ್ಪಿ.

ಬರೀ ಹಾಸಿಗೆಯ ಮೇಲೆ ಮಲಗಿದೆ.
ಹುಳುವಿಗೆ ಜಾಗ ಬಿಟ್ಟು ಮಲಗುವುದು
ನಮ್ಮ ಮನೆಗೆ ಹೊಸದಲ್ಲ.