ಐದನೆಯ ಕಂತಿನ ಕೊನೆ

ಗ್ರಿಮ್ಸ್‌ಬಿಯಲ್ಲಿ ಆಗ ನಮ್ಮ ಟೀವಿ ಬಾಡಿಗೆಯದು,
ಕರೆಂಟು ಚಿಲ್ಲರೆಯದು.
ಮೆಟ್ಟಿಲ ಕೆಳಗಿನ ಮೀಟರಿನ ಬಾಯಿಗೆ
ನಾಣ್ಯ ಹಾಕಿದಷ್ಟು ಹೊತ್ತು
ದೀಪ, ಇಸ್ತ್ರಿ, ಅನ್ಯಗ್ರಹ.

ಶನಿವಾರ ಸಂಜೆ ಐದೂಮುಕ್ಕಾಲು.
ಅಜ್ಜಿ ಕುರ್ಚಿಯಲ್ಲಿ, ನಾನು ನೆಲದ ಮೇಲೆ,
ಎನಿಡ್ ಚಿಕ್ಕಿ ಕೂರದೆ, ಬಾಗಿಲಿಗೊರಗಿ
ಬೆರಳಿಗೆ ನಿಂಬೆಸಿಪ್ಪೆ ಉಜ್ಜುತ್ತ.
ದಿನವಿಡೀ ಹ್ಯಾಡಕ್ ಮೀನು ಸೀಳಿದ ಕೈ;
ಎಷ್ಟು ಉಜ್ಜಿದರೂ ಆ ವಾಸನೆ
ಭಾನುವಾರ ಅವಳ ಜೊತೆ ಚರ್ಚಿಗೂ ಬರುತ್ತಿತ್ತು.

ಆ ವಾರ ಭೂಮಿಗೆ ಬಂದವನಿಗೆ ಹೆಸರಿರಲಿಲ್ಲ.
ಮೈ ಹಸಿರು ಅಂತ ಪತ್ರಿಕೆಯಲ್ಲಿತ್ತು,
ನಮ್ಮ ಪರದೆಯ ಮೇಲೆ ಬೂದಿ.
ರಬ್ಬರು ಕೊರಳ ಹಿಂದೆ ಜಿಪ್ಪು ಕಾಣುತ್ತಿತ್ತು;
ನಾನು ನಂಬಿದೆ.
ಮೂರು ಸೂರ್ಯರ ಊರಿಂದ ಒಬ್ಬನೇ ಇಳಿದು
ಹವಾಮಾನ ಕಚೇರಿಯ ಹುಡುಗಿಯನ್ನು ಮೆಚ್ಚಿದ.
ಅವಳು ನೆನೆಯಬಾರದೆಂದು
ಅವಳಿರುವ ಕಡೆಯಷ್ಟೇ ಮಳೆ ನಿಲ್ಲಿಸಿದ.
ಮಳೆ ಅಳೆಯುವುದೇ ಅವಳ ಕೆಲಸ.
ಗಾಜಿನ ಕೊಳವೆ ಒಣಗಿ, ಮೇಲಧಿಕಾರಿ ಬೈದ.
ಆಮೇಲೆ ದಿಂಬಿನ ಮೇಲೊಂದು ಉಲ್ಕೆಯ ಚೂರು,
ಬೀಗ ಹಾಕಿದ ಕೋಣೆಯ ದಿಂಬು.

'ಬೇಡ' ಅಂದಳು.
ಅವನೆದೆಯ ಭಾಷಾಂತರದ ಪೆಟ್ಟಿಗೆ
ಗುಂಯ್‌ಗುಟ್ಟಿ ಯೋಚಿಸಿ ಹೇಳಿತು:
ಇನ್ನೂ ಇಲ್ಲ.
ಮತ್ತೆ 'ಬೇಡ'.
ಪೆಟ್ಟಿಗೆ ಹೇಳಿತು:
ಇನ್ನೂ ಬೇಕು.
ಬೇಡಲು ಬಂದವನು ಬೇಡನಾಗಲು
ಒಂದು ಕಿವುಡು ಪೆಟ್ಟಿಗೆ ಸಾಕು.

'ಪಾಪ, ಎಷ್ಟು ದೂರದಿಂದ ಬಂದಿದ್ದಾನೆ'
ಅಂದಳು ಅಜ್ಜಿ.
ನನಗೂ ಕಣ್ಣು ತುಂಬಿತ್ತು, ಸುಳ್ಳು ಹೇಳಲಾರೆ.
'ಅದಕ್ಕೆ ಅವಳು ಬಸ್ಸಿನ ಚಾರ್ಜು ಕೊಡಬೇಕೇನು?'
ಬಾಗಿಲ ಕಡೆಯಿಂದ ಚಿಕ್ಕಿ.

ಅವನು ಅವಳ ಮಣಿಕಟ್ಟು ಹಿಡಿದ.
ಕರೆಂಟು ಹೋಯಿತು.
ಪರದೆ ಕುಗ್ಗಿ ಕುಗ್ಗಿ ಒಂದು ಬಿಳಿ ಚುಕ್ಕೆ,
ಆಮೇಲೆ ಅದೂ ಇಲ್ಲ.

'ನಾಣ್ಯ ಹಾಕೇ ಎನಿಡ್,
ಅವಳು ಅವನ ಜೊತೆ ಹೋದಳೋ ಏನೋ!'
ಚಿಕ್ಕಿಯ ಏಪ್ರನ್ ಜೇಬಲ್ಲಿ
ಹತ್ತು ಪೆನ್ನಿಯ ನಾಣ್ಯ ಇತ್ತು.
ಬೆಳಿಗ್ಗೆ ನಾನೇ ನೋಡಿದ್ದೆ.
'ಬೇಡ ಅಂದಾಗಿದೆ. ಕತೆ ಮುಗೀತು'
ಅಂದ ಅವಳು ಕದಲಲಿಲ್ಲ.

ಆಗ ಕದ ತಟ್ಟಿದ ಸದ್ದು.
ಎರಡು, ತಡೆದು ಒಂದು.
ಬೀದಿಗೆಲ್ಲ ಗೊತ್ತಿದ್ದ ಬಡಿತ:
ಮಂಜುಗಡ್ಡೆ ಕಾರ್ಖಾನೆಯ ಕ್ಲಿಫರ್ಡ್ ಸ್ಟ್ಯಾನಿಲ್ಯಾಂಡ್.
ಒಳ್ಳೆಯವನು, ಕುಡಿಯುವುದಿಲ್ಲ,
ಹ್ಯಾಟು ಎತ್ತಿಯೇ ಮಾತಾಡುತ್ತಾನೆ.
ವಾರಕ್ಕೊಮ್ಮೆ ಪೇಪರಿನಲ್ಲಿ ಸುತ್ತಿ ತರುತ್ತಿದ್ದ,
ಮೀನು ಸೀಳುವವಳಿಗೆ ಮೀನು.

ಕತ್ತಲಲ್ಲಿ ಮೂವರೂ ಉಸಿರು ಬಿಗಿಹಿಡಿದು
ಮನೆಯಲ್ಲಿಲ್ಲದವರಾದೆವು.
ಟಪಾಲು ಕಿಂಡಿಯ ಮುಚ್ಚಳ ಮೇಲೆದ್ದಿತು.
ಎರಡು ಕಣ್ಣಗಲದ ಬೀದಿದೀಪದ ಬೆಳಕು
ಹಜಾರದ ಮೇಲೆ ಬಿತ್ತು,
ಚಿಕ್ಕಿಯ ಚಪ್ಪಲಿಯವರೆಗೆ.
ಅವಳು ಕಾಲು ಹಿಂದೆಳೆದುಕೊಂಡಳು,
ನಾಲ್ಕೇ ಅಂಗುಲ.
ಹೊಸ್ತಿಲಾಚೆ ಏನೋ ಒದ್ದೆಯಾಗಿ ಬಿದ್ದ ಸಪ್ಪಳ.
ಬೂಟಿನ ಸದ್ದು ಅರ್ಧ ಬೀದಿ ಹೋಗಿ, ನಿಂತು,
ತುಂಬ ಹೊತ್ತಿನ ಮೇಲೆ ಹೊರಟಿತು.

ಬೆಳಿಗ್ಗೆ ಚರ್ಚಿನ ಗಂಟೆಯ ಹೊತ್ತಿಗೆ,
ಎಲ್ಲರೂ ಒಳ್ಳೆ ಕೋಟು ತೊಟ್ಟು ಹೊರಟಿದ್ದಾಗ,
ಚಿಕ್ಕಿ ಆ ಮೀನನ್ನು ಬಾಲ ಹಿಡಿದು
ಬೀದಿಯುದ್ದಕ್ಕೂ ಒಯ್ದು
ಅವನ ಬಾಗಿಲ ಹಿಡಿಗೆ ದಾರದಲ್ಲಿ ಕಟ್ಟಿದಳು.
ಎರಡು ಗಂಟು.
ಅಜ್ಜಿ ತಿಂಗಳುಗಟ್ಟಲೆ ನಾಚಿಕೊಂಡಳು.

ಹೋದ ವರ್ಷ ಅದೇ ಕಂತು ಮತ್ತೆ ಬಂತು.
ಮೈ ನಿಜಕ್ಕೂ ಹಸಿರು.
ಕೊನೆಯಲ್ಲಿ ಅವನು ಹೊರಟು ಹೋಗುತ್ತಾನೆ,
ಪಿಟೀಲು ಅಳುತ್ತದೆ,
ಕಿಟಕಿಯಲ್ಲಿ ಆ ಹುಡುಗಿಯ ಕೆನ್ನೆಗೂ
ಯಾರೋ ಒಂದು ಹನಿ ಇಟ್ಟಿದ್ದಾರೆ.
ಮಳೆ ಮಾತ್ರ ಸರಿಯಾಗಿ ಸುರಿಯುತ್ತಿತ್ತು.

ಫೋನಿನಲ್ಲಿ ಚಿಕ್ಕಿಗೆ ಹೇಳಿದೆ.
ಎಂಬತ್ತೊಂದರ ದನಿ ನಕ್ಕಿತು:
'ನನಗೆ ಆ ಕೊನೆ ಯಾಕೆ, ಮಗಳೇ?'

ಅವಳ ಪಾಳಿ ಮುಗಿಯುವ ಗಂಟೆ,
ಮನೆಗೆ ಬರುವ ಓಣಿ, ರಜೆಯ ದಿನ,
ಇವನ್ನೆಲ್ಲ ಸ್ಟ್ಯಾನಿಲ್ಯಾಂಡ್‌ಗೆ ಹೇಳುತ್ತಿದ್ದವಳು ನಾನು.
ಒಂದು ಸುದ್ದಿಗೆ ಎರಡು ಟಾಫಿ.
ಒಂಬತ್ತು ವರ್ಷ ನನಗೆ.
ಅದನ್ನು ಅವಳಿಗೆ ಹೇಳಿದೆಯಾ ಅಂದರೆ,
ಇನ್ನೂ ಇಲ್ಲ.